ಗಾಳಿ ಮೊದಲು, ಎಂಜಿನ್ ಆಮೇಲೆ: ಸ್ವಂತ ಹೋವರ್‌ಕ್ರಾಫ್ಟಿನ ಪಾಲನೆ, ದುರಸ್ತಿ ಮತ್ತು ಗುಂಪು ಯಾನದ ಸಿದ್ಧತೆ

ಹೋವರ್‌ಕ್ರಾಫ್ಟ್ ಎಂದರೆ ತನ್ನ ಕೆಳಗೆ ತುಂಬಿಕೊಂಡ ಗಾಳಿಯ ದಿಂಬಿನ ಮೇಲೆ ನೆಲ, ನೀರು, ಕೆಸರು ಎಲ್ಲದರ ಮೇಲೂ ಸಾಗುವ ವಾಹನ. ದಡದಲ್ಲಿ ಚೆನ್ನಾಗಿಯೇ ಮೇಲೆದ್ದ ಹೋವರ್‌ಕ್ರಾಫ್ಟ್ ನೀರಿಗಿಳಿದ ಕೂಡಲೇ ಮೂತಿ ಎತ್ತಿಕೊಂಡು ತೆವಳತೊಡಗಿದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬ್ಯುರೇಟರಿಗೆ. ಎಂಜಿನ್‌ಗೆ ಬಲ ಸಾಲುತ್ತಿಲ್ಲ ಎಂದು ಪೆಟ್ರೋಲು ಹಾಯುವ ಜೆಟ್ ಬದಲಿಸುತ್ತಾರೆ, ಪ್ಲಗ್ ಬದಲಿಸುತ್ತಾರೆ, ಅರ್ಧ ದಿನ ಕಳೆಯುತ್ತಾರೆ. ಜೊತೆಗೆ ಬಂದವರೆಲ್ಲ ದಡದಲ್ಲಿ ಕಾಯುತ್ತಾರೆ, ಅಷ್ಟರಲ್ಲಿ ಉಬ್ಬರ ಇಳಿದುಹೋಗುತ್ತದೆ. ನಾನು ಕಂಡಂತೆ ದೋಷ ಬಹುಮಟ್ಟಿಗೆ ಬೇರೆಡೆ ಇರುತ್ತದೆ: ಹರಿದ ಸ್ಕರ್ಟಿನಲ್ಲಿ (ದಿಂಬಿನ ಗಾಳಿಯನ್ನು ಹಿಡಿದಿಡಲು ಒಡಲಿನ ಸುತ್ತ ತೂಗುವ ಬಟ್ಟೆಯ ಅಂಚು), ಒಡಲಿನೊಳಗೆ ಸೇರಿಕೊಂಡ ನೀರಿನಲ್ಲಿ, ಕೋನ ತಪ್ಪಿದ ಬ್ಲೇಡಿನಲ್ಲಿ. ಆದ್ದರಿಂದ ಈ ಮಾರ್ಗದರ್ಶಿಯ ಕ್ರಮವೂ ಹಾಗೆಯೇ ಇದೆ. ಮೊದಲು ತೂಕ ಮತ್ತು ಗಾಳಿ, ಎಂಜಿನ್ ನಂತರ.

ಇಲ್ಲಿ ಹೇಳುವುದು ಬ್ರಿಟನ್ನಿನ ನದಿ ಮತ್ತು ಅಳಿವೆಗಳಲ್ಲಿ ಹವ್ಯಾಸಿಗಳು ಓಡಿಸುವ ಸಾಮಾನ್ಯ ಬಗೆಯ ಬಗ್ಗೆ: ಒಬ್ಬರು ಅಥವಾ ಇಬ್ಬರು ಕೂರುವ ಫೈಬರ್ ಒಡಲು, ಒಂದೇ ಎಂಜಿನ್, ಹಿಂದೆ ಒಂದೇ ಫ್ಯಾನ್. ಫ್ಯಾನಿನ ಹಿಂದಿನ ಅಡ್ಡ ತಟ್ಟೆಯೊಂದು ಗಾಳಿಯ ಸುಮಾರು ಮೂರನೇ ಒಂದು ಭಾಗವನ್ನು ಕೆಳಗೆ ತಿರುಗಿಸುತ್ತದೆ, ಉಳಿದದ್ದು ಮುಂದಕ್ಕೆ ತಳ್ಳುತ್ತದೆ. ಎತ್ತಲು ಬೇರೆ, ತಳ್ಳಲು ಬೇರೆ ಎಂಜಿನ್ ಇರುವ ಅಮೆರಿಕದ ಮಾದರಿಗಳಿಗೂ ಇಲ್ಲಿನ ಬಹುತೇಕ ಮಾತು ಅನ್ವಯಿಸುತ್ತದೆ.

ಮೊದಲು ಒಂದು ಲೆಕ್ಕ

ಗಾಳಿಯ ದಿಂಬು 3 ಮೀಟರ್ ಉದ್ದ, 1.5 ಮೀಟರ್ ಅಗಲ ಇದೆ ಎಂದುಕೊಳ್ಳಿ. ವಿಸ್ತೀರ್ಣ 4.5 ಚದರ ಮೀಟರ್. ಕ್ರಾಫ್ಟ್, ಸವಾರ, ಇಂಧನ ಎಲ್ಲ ಸೇರಿ 340 ಕಿಲೋ ಆದರೆ ಪ್ರತಿ ಚದರ ಮೀಟರಿಗೆ ಸುಮಾರು 75 ಕಿಲೋ. ಇದು ವಾತಾವರಣದ ಒತ್ತಡದ ಶೇಕಡಾ ಒಂದಕ್ಕಿಂತ ಕಡಿಮೆ. ಇಷ್ಟು ಸಣ್ಣ ಒತ್ತಡದ ಮೇಲೆ ಇಡೀ ಯಂತ್ರ ನಿಂತಿದೆ.

ಈಗ ಸೋರಿಕೆ. ದಿಂಬಿನ ಸುತ್ತಳತೆ 9 ಮೀಟರ್. ನೆಲದಿಂದ ಸರಾಸರಿ ಒಂದು ಸೆಂಟಿಮೀಟರ್ ಸಂದಿನಲ್ಲಿ ಗಾಳಿ ಹೊರಹೋಗುತ್ತದೆ ಎಂದರೆ ಒಟ್ಟು 900 ಚದರ ಸೆಂಟಿಮೀಟರ್. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರದ ಒಂದೇ ಒಂದು ಸೆಗ್ಮೆಂಟ್ (ಸ್ಕರ್ಟ್ ಆಗಿ ಸಾಲಾಗಿ ಜೋಡಿಸಿದ ಬಿಡಿ ಬಟ್ಟೆಯ ತುಂಡು) ಕಿತ್ತುಹೋಗಿ ಆ ಜಾಗ ಪೂರ್ತಿ ತೆರೆದುಕೊಂಡರೆ 300 ಚದರ ಸೆಂಟಿಮೀಟರಿನ ಹೊಸ ಬಾಗಿಲು ತೆರೆದಂತೆ. ಅಂದರೆ ಮೊದಲಿನ ಸೋರಿಕೆಯ ಮೂರನೇ ಒಂದರಷ್ಟು ಹೆಚ್ಚುವರಿ. ಪಕ್ಕದ ಸೆಗ್ಮೆಂಟುಗಳು ಉಬ್ಬಿಕೊಂಡು ಆ ಸಂದನ್ನು ಸ್ವಲ್ಪ ಮುಚ್ಚುತ್ತವೆ, ಅದು ಈ ವಿನ್ಯಾಸದ ದೊಡ್ಡ ಗುಣ. ಆದರೆ ಅಕ್ಕಪಕ್ಕದ ಎರಡು ಹೋದರೆ ಅವುಗಳ ಕೈಯಲ್ಲೂ ಆಗದು. ಕಾರ್ಬ್ಯುರೇಟರ್ ಜೆಟ್ ಬದಲಿಸಿ ಈ ನಷ್ಟವನ್ನು ತುಂಬಲಾಗುವುದಿಲ್ಲ.

ನೀರಿನ ಮೇಲೆ ಇನ್ನೊಂದು ತೊಡಕಿದೆ. ನಿಂತಲ್ಲೇ ಮೇಲೆದ್ದಾಗ ಈ ಕ್ರಾಫ್ಟ್ ನೀರಿನಲ್ಲಿ ಏಳೂವರೆ ಸೆಂಟಿಮೀಟರ್ ತಗ್ಗು ಮಾಡುತ್ತದೆ. ಮುಂದಕ್ಕೆ ಹೊರಟಾಗ ಆ ತಗ್ಗು ಜೊತೆಗೇ ಬರುತ್ತದೆ, ಎದುರಿಗೆ ಅಲೆಯೊಂದು ಏಳುತ್ತದೆ. ಈ ಅಳತೆಯ ಕ್ರಾಫ್ಟಿಗೆ ಗಂಟೆಗೆ ಸುಮಾರು 11 ಕಿಲೋಮೀಟರ್ ವೇಗದಲ್ಲಿ ಆ ಪ್ರತಿರೋಧ ಶಿಖರಕ್ಕೇರುತ್ತದೆ. ಇದನ್ನೇ ಹಂಪ್ ಎನ್ನುತ್ತಾರೆ. ಅದನ್ನು ದಾಟಿದರೆ ಕ್ರಾಫ್ಟ್ ಹಗುರವಾಗಿ ಹಾರುತ್ತದೆ. ದಾಟದಿದ್ದರೆ ದಿನವಿಡೀ ತೆವಳುತ್ತದೆ. ಗುಂಪಿನಲ್ಲಿ ಒಂದು ಕ್ರಾಫ್ಟ್ ಹಂಪ್ ದಾಟಲಾಗದೆ ಉಳಿದರೆ ಇಡೀ ಗುಂಪಿನ ಯಾನ ಅಲ್ಲಿಗೇ ನಿಲ್ಲುತ್ತದೆ.

ಹಂತ 1: ತೂಗಿ ನೋಡಿ

ಋತು ಆರಂಭವಾಗುವ ಮುನ್ನ ಕ್ರಾಫ್ಟನ್ನು ಖಾಲಿ ಟ್ಯಾಂಕಿನೊಂದಿಗೆ ತೂಗಿ, ಹಿಂದಿನ ವರ್ಷದ ತೂಕದೊಂದಿಗೆ ಹೋಲಿಸಿ. ಸ್ನಾನದ ಮನೆಯ ನಾಲ್ಕು ತಕ್ಕಡಿಗಳನ್ನು ನಾಲ್ಕು ಮೂಲೆಗೆ ಇಟ್ಟರೂ ಸಾಕು. ಹತ್ತು ಇಪ್ಪತ್ತು ಕಿಲೋ ಹೆಚ್ಚಿದ್ದರೆ ಅದು ನೀರು. ಒಡಲಿನ ಹಿಂಭಾಗದ ಡ್ರೈನ್ ಬಿರಡೆ ತೆಗೆದು, ಮುಂಭಾಗ ಎತ್ತಿ, ಒಂದು ರಾತ್ರಿ ಹಾಗೆಯೇ ಬಿಡಿ. ಆಮೇಲೂ ತೂಕ ಇಳಿಯದಿದ್ದರೆ ಒಳಗಿನ ಫೋಮ್ ನೀರು ಹೀರಿದೆ. ಅದು ತಾನಾಗಿ ಒಣಗುವುದಿಲ್ಲ. ಒದ್ದೆಯಾದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಫೋಮ್ ತುಂಬಲೇಬೇಕು. ಬೇಸರದ ಕೆಲಸ, ಆದರೆ ಇದನ್ನು ಮುಂದೂಡಿದವರು ಎಂಜಿನ್ ಬಲದ ಬಗ್ಗೆ ದೂರುವ ಹಕ್ಕನ್ನು ಕಳೆದುಕೊಳ್ಳುತ್ತಾರೆ ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಗುವಾಗಲೇ ಮುಂದೆ ಹಿಂದೆ ಎಷ್ಟು ಭಾರ ಹಂಚಿಕೆಯಾಗಿದೆ ಎಂದು ಬರೆದಿಟ್ಟುಕೊಳ್ಳಿ. ಹಿಂದೆ ಭಾರ ಹೆಚ್ಚಿದ್ದರೆ ಹಿಂಬದಿಯ ಸೆಗ್ಮೆಂಟುಗಳು ಬೇಗ ಸವೆಯುತ್ತವೆ. ಮುಂದೆ ಹೆಚ್ಚಿದ್ದರೆ ಇನ್ನೂ ಅಪಾಯ: ವೇಗದಲ್ಲಿ ಮುಂದಿನ ಸ್ಕರ್ಟ್ ಒಡಲಿನಡಿಗೆ ಮಡಚಿಕೊಂಡು ಮೂತಿ ನೀರಿಗೆ ಇಳಿಯಬಹುದು. ಟೂಲ್ ಪೆಟ್ಟಿಗೆ, ಹೆಚ್ಚುವರಿ ಇಂಧನದ ಡಬ್ಬಿಗಳನ್ನು ಎಲ್ಲಿ ಕಟ್ಟಬೇಕೆಂಬುದನ್ನು ಈ ಲೆಕ್ಕ ಹೇಳುತ್ತದೆ.

ಹಂತ 2: ಸ್ಕರ್ಟ್

ಬ್ರಿಟನ್ನಿನ ಎಂಜಿನಿಯರ್ ಕ್ರಿಸ್ಟೋಫರ್ ಕಾಕ್‌ರೆಲ್ ರೂಪಿಸಿದ ಎಸ್.ಆರ್.ಎನ್.1 ಹೋವರ್‌ಕ್ರಾಫ್ಟ್ 1959ರ ಜುಲೈ 25ರಂದು ಕ್ಯಾಲೆಯಿಂದ ಡೋವರ್‌ಗೆ ಇಂಗ್ಲಿಷ್ ಕಾಲುವೆ ದಾಟಿದಾಗ ಅದಕ್ಕೆ ಸ್ಕರ್ಟ್ ಇರಲಿಲ್ಲ. ಹೋವರ್‌ಕ್ರಾಫ್ಟ್ ನಿಜವಾದ ಅಲೆ, ನಿಜವಾದ ದಡಗಳ ವಾಹನವಾದದ್ದು ಬಳುಕುವ ಸ್ಕರ್ಟ್ ಬಂದ ಮೇಲೆಯೇ. ಇಂಗ್ಲೆಂಡಿನ ಸೌತ್‌ಸೀ ಮತ್ತು ರೈಡ್ ನಡುವೆ ಪ್ರಯಾಣಿಕರನ್ನು ಸಾಗಿಸುವ ದೊಡ್ಡ ಕ್ರಾಫ್ಟ್ ಆಗಲಿ, ಭಾರತೀಯ ತಟರಕ್ಷಣಾ ಪಡೆಯ ಗ್ರಿಫನ್ ಕಂಪನಿಯ ಕ್ರಾಫ್ಟ್ ಆಗಲಿ, ನಿಮ್ಮ ಗ್ಯಾರೇಜಿನಲ್ಲಿರುವುದಾಗಲಿ, ಸ್ಕರ್ಟಿನ ಕೆಳ ಅಂಚು ಸವೆಯುವ ವಸ್ತುವೇ. ಟೈರಿನಂತೆ ಅದನ್ನು ಖರ್ಚಿನ ಪಟ್ಟಿಯಲ್ಲೇ ಇಟ್ಟುಕೊಳ್ಳಿ.

ಕ್ರಾಫ್ಟನ್ನು ಒಂದು ಬದಿಗೆ ಎತ್ತಿ ಗಟ್ಟಿಯಾದ ಆನಿಕೆ ಕೊಡಿ. ಜ್ಯಾಕ್ ಒಂದನ್ನೇ ನಂಬಿ ಕೆಳಗೆ ಕೈ ಹಾಕಬೇಡಿ. ಮೂತಿಯಿಂದ ಆರಂಭಿಸಿ ಪ್ರದಕ್ಷಿಣೆಯಾಗಿ ಪ್ರತಿ ಸೆಗ್ಮೆಂಟನ್ನೂ ಕೈಯಲ್ಲಿ ಹಿಡಿದು ಎಳೆದು ನೋಡಿ. ನೋಡಬೇಕಾದದ್ದು ಮೂರು. ಕೆಳ ತುದಿಯಲ್ಲಿ ಬಟ್ಟೆಯ ಲೇಪ ಹೋಗಿ ನೂಲು ಕಾಣುತ್ತಿದೆಯೇ? ಒಳಬದಿಯಲ್ಲಿ ಕೇಬಲ್ ಟೈ ತೂರುವ ತೂತು ಉದ್ದಕ್ಕೆ ಹಿಗ್ಗಿದೆಯೇ? ಒಡಲಿನ ಅಂಚಿಗೆ ಕೂರುವ ಮೇಲಂಚು ಪಟ್ಟಿಯಿಂದ ಜಾರಿದೆಯೇ? ನೂಲು ಕಂಡರೆ ಆ ಸೆಗ್ಮೆಂಟಿನ ಕಾಲ ಮುಗಿಯುತ್ತ ಬಂದಿದೆ. ನೀರು ನೂಲಿನ ಮೂಲಕ ಲೇಪದ ಒಳಗೆ ಹರಡಿ ಪದರ ಬಿಡಿಸುತ್ತದೆ.

ಹಿಂಬದಿಯ ಮೂಲೆಗಳು ಎಲ್ಲಕ್ಕಿಂತ ಮೊದಲು ಸವೆಯುತ್ತವೆ. ಹಿಂಬದಿಯಿಂದ ತೆಗೆದದ್ದನ್ನು ಎಸೆಯಬೇಡಿ. ಅಳತೆ ಒಂದೇ ಆಗಿದ್ದರೆ ಅರ್ಧ ಸವೆದವನ್ನು ಬದಿಗೆ ಹಾಕಿ, ಬದಿಯ ಗಟ್ಟಿಯಾದವನ್ನು ಹಿಂದಕ್ಕೆ ತನ್ನಿ. ಮೂಲೆಯ ಸೆಗ್ಮೆಂಟುಗಳ ಕತ್ತರಿಕೆ ಬೇರೆಯಾದ್ದರಿಂದ ಅವುಗಳನ್ನು ಮಾತ್ರ ಹೊಸದಾಗಿಯೇ ಇಟ್ಟುಕೊಳ್ಳಬೇಕು.

ಬದಲಿಸುವ ಕ್ರಮ ಸರಳ. ಹಳೆಯ ಕೇಬಲ್ ಟೈ ಕತ್ತರಿಸಿ ತುಂಡುಗಳನ್ನು ಜೇಬಿಗೆ ಹಾಕಿಕೊಳ್ಳಿ. ನೆಲದಲ್ಲಿ ಬಿಟ್ಟರೆ ಅವು ಫ್ಯಾನ್ ಸೇರುತ್ತವೆ. ಹೊಸದರ ಮೇಲಂಚನ್ನು ಪಟ್ಟಿಗೆ ಸಿಕ್ಕಿಸಿ, ಆಮೇಲೆ ಒಳಬದಿ ಕಟ್ಟಿ. ಟೈಯನ್ನು ಪೂರ್ತಿ ಬಿಗಿಯಬೇಡಿ, ಬೆರಳು ತೂರುವಷ್ಟು ಸಡಿಲ ಇರಲಿ. ಕಲ್ಲಿಗೋ ಮರದ ಬುಡಕ್ಕೋ ಸಿಕ್ಕಿಕೊಂಡಾಗ ಟೈ ತುಂಡಾಗಬೇಕು, ಬಟ್ಟೆ ಹರಿಯಬಾರದು. ಇದೇ ಕಾರಣಕ್ಕೆ ಅಗತ್ಯಕ್ಕಿಂತ ದಪ್ಪದ ಟೈ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಹರಿದದ್ದಕ್ಕೆ ತೇಪೆ ಹಾಕುವುದಾದರೆ ಬಟ್ಟೆ ಯಾವುದೆಂದು ಮೊದಲು ತಿಳಿಯಿರಿ. ನಿಯೋಪ್ರೀನ್ ಲೇಪದ ನೈಲಾನಿಗೆ ನಿಯೋಪ್ರೀನ್ ಅಂಟು, ಪಾಲಿಯುರೆಥೇನ್ ಲೇಪದ ನೈಲಾನಿಗೆ ಪಾಲಿಯುರೆಥೇನ್ ಅಂಟು. ಅದಲುಬದಲಾದರೆ ತೇಪೆ ಮೊದಲ ಅಲೆಗೇ ಬಿಟ್ಟುಕೊಳ್ಳುತ್ತದೆ. ಎರಡೂ ಮೇಲ್ಮೈಗಳನ್ನು ಉಜ್ಜುಕಾಗದದಿಂದ ಒರಟು ಮಾಡಿ, ದ್ರಾವಕದಿಂದ ಒರೆಸಿ, ತೆಳುವಾಗಿ ಎರಡು ಸಲ ಅಂಟು ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ತೇಪೆಯ ಮೂಲೆಗಳು ದುಂಡಗಿರಲಿ. ಚೂಪು ಮೂಲೆ ಅಲ್ಲಿಂದಲೇ ಎದ್ದು ಬರುತ್ತದೆ.

ಸೆಗ್ಮೆಂಟಿನ ಬದಲು ಒಂದೇ ಉದ್ದನೆಯ ಚೀಲದಂಥ ಸ್ಕರ್ಟ್ ಇದ್ದರೆ ಅದರ ತಳದ ನೀರು ಹರಿಯುವ ತೂತುಗಳನ್ನು ಪ್ರತಿ ಸಲವೂ ನೋಡಿ. ಪಾಚಿ, ಮರಳು ಕಟ್ಟಿ ಅವು ಮುಚ್ಚಿದರೆ ಚೀಲದಲ್ಲಿ ನೀರು ನಿಂತು ಕ್ರಾಫ್ಟ್ ಮೇಲೇಳುವುದೇ ಇಲ್ಲ. ದೊಡ್ಡದಾಗಿ ಹರಿದ ಜಾಗವನ್ನು ದಪ್ಪ ನೈಲಾನ್ ದಾರದಿಂದ ಹೊಲಿದು, ಹೊಲಿಗೆಯ ಮೇಲೆ ತೇಪೆ ಅಂಟಿಸಿ. ಕೇವಲ ಅಂಟು ಆ ಎಳೆತವನ್ನು ತಡೆಯದು.

ಹಂತ 3: ಫ್ಯಾನ್

900 ಮಿಲಿಮೀಟರ್ ವ್ಯಾಸದ ಫ್ಯಾನ್ ನಿಮಿಷಕ್ಕೆ 3000 ಸುತ್ತು ತಿರುಗಿದರೆ ಬ್ಲೇಡಿನ ತುದಿ ಗಂಟೆಗೆ 500 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ಓಡುತ್ತದೆ. ಒಂದು ತುದಿಯಿಂದ ಐದೇ ಗ್ರಾಮಿನ ಚೂರು ಮುರಿದರೂ ಶಾಫ್ಟನ್ನು ಒಂದೇ ಕಡೆಗೆ ಇಪ್ಪತ್ತೆರಡು ಕಿಲೋ ಭಾರದಷ್ಟು ಬಲ ಎಳೆಯತೊಡಗುತ್ತದೆ, ಸೆಕೆಂಡಿಗೆ ಐವತ್ತು ಸಲ ದಿಕ್ಕು ತಿರುಗಿಸುತ್ತ. ಬೇರಿಂಗ್ ಸಾಯುವುದು, ಫ್ರೇಮಿನ ಬೆಸುಗೆ ಬಿರುಕು ಬಿಡುವುದು, ನಟ್ಟುಗಳು ಸಡಿಲವಾಗುವುದು ಎಲ್ಲಕ್ಕೂ ಈ ಅದುರುವಿಕೆಯೇ ಮೂಲ.

ಬ್ಯಾಟರಿಯ ತಂತಿ ಬಿಚ್ಚಿ, ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ತೆಗೆದ ಮೇಲೆಯೇ ಬ್ಲೇಡ್ ಮುಟ್ಟಿ. ಪ್ರತಿ ಬ್ಲೇಡಿನ ಮುಂಚೂಣಿ ಅಂಚಿನಲ್ಲಿ ಉಗುರಾಡಿಸಿ. ಕಲ್ಲು ತಾಗಿದ ಸಣ್ಣ ಗುಳಿಗಳನ್ನು ನಯವಾದ ಉಜ್ಜುಕಾಗದದಿಂದ ಸಮ ಮಾಡಬಹುದು. ಬುಡದಲ್ಲಿ, ಅಂದರೆ ಹಬ್ ಹಿಡಿಯುವ ಕತ್ತಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಆ ಬ್ಲೇಡ್ ಮತ್ತೆ ತಿರುಗಬಾರದು. ಅಂಟು, ತೇಪೆ ಯಾವುದೂ ಇಲ್ಲಿ ಸಲ್ಲದು. ಹೊಸ ಬ್ಲೇಡನ್ನು ಎದುರಿನ ಬ್ಲೇಡಿನೊಂದಿಗೆ ತೂಗಿ, ಗ್ರಾಮಿನ ಲೆಕ್ಕದಲ್ಲಿ ಜೋಡಿ ಮಾಡಿ ಹಾಕಿ. ಎಲ್ಲ ಬ್ಲೇಡುಗಳ ಕೋನವನ್ನು ಒಂದೇ ಜಾಗದಲ್ಲಿ, ಒಂದೇ ಡಿಜಿಟಲ್ ಕೋನಮಾಪಕದಿಂದ ಅಳೆಯಿರಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಹಬ್ಬಿನ ಬೋಲ್ಟುಗಳಿಗೆ ತಯಾರಕರು ಹೇಳಿದ ಟಾರ್ಕ್ ಕೊಟ್ಟು, ಒಂದು ಗಂಟೆ ಓಡಿಸಿದ ಮೇಲೆ ಇನ್ನೊಮ್ಮೆ ನೋಡಿ.

ಗಾಜಿನ ನಾರು ಸೇರಿಸಿದ ನೈಲಾನ್ ಬ್ಲೇಡುಗಳ ಒಂದು ಗುಣ ತಿಳಿದಿರಲಿ: ತೀರ ಒಣಗಿದ ನೈಲಾನ್ ಪೆಡಸಾಗುತ್ತದೆ, ತುಸು ತೇವ ಹೀರಿದ್ದು ಪೆಟ್ಟು ತಾಳುತ್ತದೆ. ಬಹುಕಾಲ ಬೆಚ್ಚನೆಯ ಒಣ ಕೋಣೆಯಲ್ಲಿಟ್ಟಿದ್ದ ಬ್ಲೇಡುಗಳನ್ನು ಜೋಡಿಸುವ ಮುನ್ನ ಕೆಲವು ದಿನ ನೀರಿನಲ್ಲಿ ನೆನೆಹಾಕಿ.

ಫ್ಯಾನಿನ ಮುಂದಿರುವ ಎಲ್ಲವೂ ಒಂದಲ್ಲ ಒಂದು ದಿನ ಫ್ಯಾನಿನೊಳಗೆ ಹೋಗುತ್ತದೆ ಎಂದೇ ಭಾವಿಸಿ. ಸೈಲೆನ್ಸರಿನ ಸ್ಪ್ರಿಂಗುಗಳಿಗೆ ಲಾಕ್ ತಂತಿ ಸುತ್ತಿ. ನೈಲಾನ್ ಉಂಗುರದ ಲಾಕ್ ನಟ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹೊಸದನ್ನೇ ಹಾಕಿ, ಸೈಲೆನ್ಸರ್ ಬಳಿ ಮಾತ್ರ ಲೋಹದವನ್ನು ಬಳಸಿ. ಅಲ್ಲಿನ ಕಾವಿಗೆ ನೈಲಾನ್ ಕರಗುತ್ತದೆ. ರಕ್ಷಣಾ ಜಾಲರಿ ಇಲ್ಲದೆ ಎಂಜಿನ್ ಚಾಲೂ ಮಾಡಲೇಬೇಡಿ. ದುರಸ್ತಿಯ ನಂತರ ಮೊದಲ ಸಲ ತಿರುಗಿಸುವಾಗ ಫ್ಯಾನಿನ ನೇರಕ್ಕೆ, ಅದರ ಎರಡೂ ಪಕ್ಕಗಳಲ್ಲಿ ಯಾರೂ ನಿಲ್ಲಬಾರದು. ಬ್ಲೇಡ್ ಮುರಿದರೆ ಹಾರುವುದು ಆ ದಿಕ್ಕಿಗೇ.

ಹಂತ 4: ಬೆಲ್ಟ್ ಮತ್ತು ಬೇರಿಂಗ್

ಹಲ್ಲಿನ ಬೆಲ್ಟಿನ ಅಂಚು ಒಂದೇ ಬದಿಯಲ್ಲಿ ನೂಲು ಬಿಟ್ಟಿದ್ದರೆ ಎರಡು ಪುಲ್ಲಿಗಳು ಒಂದೇ ಸಮತಲದಲ್ಲಿ ಇಲ್ಲ. ನೇರವಾದ ಉಕ್ಕಿನ ಪಟ್ಟಿಯೊಂದನ್ನು ಎರಡೂ ಪುಲ್ಲಿಗಳ ಮುಖಕ್ಕೆ ತಾಗಿಸಿ ಸರಿಪಡಿಸಿ. ಹಲ್ಲಿನ ಬುಡದಲ್ಲಿ ಬಿರುಕು ಕಂಡರೆ ಬೆಲ್ಟ್ ಬದಲಿಸಿ. ಬೇರಿಂಗನ್ನು ಬೆಲ್ಟ್ ಇಲ್ಲದೆ ಕೈಯಲ್ಲಿ ತಿರುಗಿಸಿದಾಗ ಮರಳಿನ ಕರಕರ ಸಿಕ್ಕರೆ ಗ್ರೀಸ್ ತುಂಬಿ ಸಮಾಧಾನಪಟ್ಟುಕೊಳ್ಳಬೇಡಿ, ಬದಲಿಸಿ. ಚೆನ್ನಾಗಿರುವ ಬೇರಿಂಗಿಗೂ ಗ್ರೀಸ್ ಮಿತಿಯಲ್ಲಿರಲಿ, ಅತಿಯಾದರೆ ಅದೇ ಕಾವು ಹುಟ್ಟಿಸುತ್ತದೆ.

ಹಂತ 5: ಎಂಜಿನ್

ಈಗ ಎಂಜಿನ್. ಹವ್ಯಾಸಿ ಕ್ರಾಫ್ಟುಗಳಲ್ಲಿ ಬಹುಕಾಲದಿಂದ ಕಾಣುವ ರೋಟ್ಯಾಕ್ಸ್ 503ರಂಥ ಎರಡು ಸ್ಟ್ರೋಕಿನ ಎಂಜಿನ್‌ಗೆ ಪೆಟ್ರೋಲು ಮತ್ತು ಆಯಿಲ್ 50ಕ್ಕೆ 1ರ ಪ್ರಮಾಣದಲ್ಲಿ ಬೇಕು, ಅಂದರೆ 20 ಲೀಟರಿಗೆ 400 ಮಿಲಿಲೀಟರ್. ಕಣ್ಣಳತೆ ಬೇಡ. 503ರಲ್ಲಿ ತಂಪುಗಾಳಿ ಬೀಸುವ ಪುಟ್ಟ ಫ್ಯಾನಿಗೆ ತನ್ನದೇ ಬೆಲ್ಟ್ ಇದೆ. ಜಾಲರಿಯ ಹಿಂದೆ ಅಡಗಿರುವ ಕಾರಣ ಅದನ್ನು ಮರೆಯುವವರೇ ಹೆಚ್ಚು, ತುಂಡಾದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಹಿಡಿದುಕೊಳ್ಳುತ್ತದೆ. ನೀರಿನಿಂದ ತಣಿಯುವ 582ರಂಥ ಎಂಜಿನ್ ಆದರೆ ಚಳಿಯ ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ ಪೂರ್ತಿ ಥ್ರಾಟಲ್ ಕೊಡಬೇಡಿ. ಪಿಸ್ಟನ್ ಬೇಗ ಹಿಗ್ಗುತ್ತದೆ, ಸಿಲಿಂಡರ್ ನಿಧಾನವಾಗಿ.

ಪ್ಲಗ್ಗಿನ ತುದಿ ಕಾಫಿ ಬಣ್ಣದಲ್ಲಿದ್ದರೆ ಮಿಶ್ರಣ ಸರಿ. ಬಿಳಿಚಿದ್ದರೆ ಪೆಟ್ರೋಲು ಸಾಲುತ್ತಿಲ್ಲ, ಇದು ಅಪಾಯ. ಕಪ್ಪಾಗಿ ಒದ್ದೆಯಿದ್ದರೆ ಹೆಚ್ಚಾಗಿದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥೆನಾಲ್ ಇದೆ. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಕೊಳವೆಗಳನ್ನು ಮೆದುವಾಗಿಸುತ್ತದೆ. ಕಡಿಮೆ ಎಥೆನಾಲಿನ ದರ್ಜೆ ಸಿಕ್ಕರೆ ಅದನ್ನೇ ತುಂಬಿ, ಕೊಳವೆಗಳನ್ನು ವರ್ಷಕ್ಕೊಮ್ಮೆ ಬದಲಿಸಿ, ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಉಳಿದದ್ದನ್ನು ಯಾನಕ್ಕೆ ಬಳಸಬೇಡಿ.

ಹಂತ 6: ಒಡಲಿನ ಬಿರುಕು

ಬಿರುಕಿನ ಸುತ್ತ ಸಡಿಲವಾದ ಫೈಬರನ್ನೆಲ್ಲ ತೆಗೆದು, ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಅಂಚನ್ನು ಇಳಿಜಾರಾಗಿ ಉಜ್ಜಿ. 3 ಮಿಲಿಮೀಟರ್ ದಪ್ಪದ ಒಡಲಿಗೆ ಪ್ರತಿ ಬದಿಗೂ 36 ಮಿಲಿಮೀಟರ್. ಪೂರ್ತಿ ಒಣಗಿದ ಮೇಲೆ ಚಿಕ್ಕದರಿಂದ ದೊಡ್ಡದಕ್ಕೆ ಪದರಗಳನ್ನು ರೆಸಿನ್‌ನಲ್ಲಿ ತೋಯಿಸಿ ಕೂರಿಸಿ. ಒಂದು ಎಚ್ಚರಿಕೆ: ಒಳಗೆ ಬಿಳಿ ಥರ್ಮಾಕೋಲಿನಂಥ ಫೋಮ್ ಇದ್ದರೆ ಪಾಲಿಯೆಸ್ಟರ್ ರೆಸಿನ್ ಅದನ್ನು ಕರಗಿಸಿಬಿಡುತ್ತದೆ. ಅಲ್ಲಿ ಎಪಾಕ್ಸಿಯೇ ಆಗಬೇಕು, ಜೊತೆಗೆ ನೇಯ್ದ ಗಾಜಿನ ಬಟ್ಟೆ.

ಹಂತ 7: ಗುಂಪು ಹೊರಡುವ ಬೆಳಿಗ್ಗೆ

ಹೋವರ್‌ಕ್ರಾಫ್ಟಿಗೆ ಬ್ರೇಕ್ ಇಲ್ಲ. ಥ್ರಾಟಲ್ ಸಿಕ್ಕಿಹಾಕಿಕೊಂಡರೆ ನಿಲ್ಲಿಸುವ ಉಪಾಯ ಕಿಲ್ ಸ್ವಿಚ್ ಒಂದೇ, ಅಂದರೆ ದಾರ ಎಳೆದ ಕೂಡಲೇ ಎಂಜಿನ್ ನಿಲ್ಲಿಸುವ ಸ್ವಿಚ್. ಪ್ರತಿಯೊಬ್ಬರೂ ನೆಲದ ಮೇಲೆ ಎಂಜಿನ್ ಓಡುತ್ತಿರುವಾಗಲೇ ಅದರ ದಾರವನ್ನು ಎಳೆದು ನೋಡಬೇಕು. ಚುಕ್ಕಾಣಿಯ ಕೇಬಲ್ ಎರಡೂ ಕಡೆ ಪೂರ್ತಿ ತಿರುಗುತ್ತದೆಯೇ, ಥ್ರಾಟಲ್ ಬಿಟ್ಟ ಕೂಡಲೇ ಹಿಂದಕ್ಕೆ ಬರುತ್ತದೆಯೇ ನೋಡಿ. ನಿಮ್ಮ ಕ್ರಾಫ್ಟನ್ನು ನೀವು ನೋಡಿದ ಮೇಲೆ ಇನ್ನೊಬ್ಬರು ಅದನ್ನೊಮ್ಮೆ ನೋಡಲಿ, ಅವರದನ್ನು ನೀವು ನೋಡಿ. ಪರರ ಕಣ್ಣಿಗೆ ಬೀಳುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಗುಂಪಿನಲ್ಲಿ ಹೋಗುವುದರ ಅತಿ ದೊಡ್ಡ ಲಾಭ ಇದು ಎಂದು ನಾನು ನಂಬಿದ್ದೇನೆ.

ಬಿಡಿಭಾಗಗಳನ್ನು ಹಂಚಿಕೊಳ್ಳಿ. ಒಂದೇ ಬಗೆಯ ಬೆಲ್ಟ್ ಬಳಸುವ ಮೂವರು ಮೂರು ಬೆಲ್ಟ್ ಹೊರುವುದು ವ್ಯರ್ಥ ಭಾರ. ಒಬ್ಬರು ಬೆಲ್ಟ್ ಮತ್ತು ತೂಗಿ ಜೋಡಿಸಿದ ಎರಡು ಬ್ಲೇಡ್, ಇನ್ನೊಬ್ಬರು ಮೂಲೆಯವೂ ಸೇರಿ ಸೆಗ್ಮೆಂಟುಗಳು ಮತ್ತು ಪಾಪ್ ರಿವೆಟ್, ಮತ್ತೊಬ್ಬರು ಥ್ರಾಟಲ್ ಕೇಬಲ್, ಇಂಧನ ಕೊಳವೆ, ನೀರಿನಲ್ಲೂ ಗಟ್ಟಿಯಾಗುವ ಎಪಾಕ್ಸಿ ಮುದ್ದೆ. ಪ್ಲಗ್, ಕೇಬಲ್ ಟೈ, ಹುಟ್ಟು, ಲಂಗರು, ರೇಡಿಯೋ ಮಾತ್ರ ಪ್ರತಿಯೊಬ್ಬರ ಬಳಿಯೂ ಇರಬೇಕು. ಲೈಫ್ ಜಾಕೆಟ್ ಮೈಮೇಲೆ ಇರಬೇಕು. ದೂರದ ಲೆಕ್ಕವನ್ನು ಅತಿ ಹೆಚ್ಚು ಪೆಟ್ರೋಲು ಕುಡಿಯುವ ಕ್ರಾಫ್ಟಿನ ಮೇಲೆ ಹಾಕಿ: ಇಂಧನದ ಮೂರನೇ ಒಂದು ಭಾಗ ಹೋಗಲು, ಒಂದು ಭಾಗ ಬರಲು, ಉಳಿದದ್ದು ಆಪತ್ತಿಗೆ.

ಸಾಲಿನಲ್ಲಿ ಒಬ್ಬರ ಬೆನ್ನ ಹಿಂದೆ ನೇರವಾಗಿ ಹೋಗಬೇಡಿ. ಮುಂದಿನದು ಎಂಜಿನ್ ನಿಂತು ನೀರಿಗೆ ಕೂತರೆ ಕ್ಷಣದಲ್ಲಿ ನಿಲ್ಲುತ್ತದೆ, ನೀವು ನಿಲ್ಲಲಾರಿರಿ. ಓರೆಯಾಗಿ, ಧಾರಾಳ ಅಂತರ ಬಿಟ್ಟು ಸಾಗಿ. ಅನುಭವಿಯೊಬ್ಬರು ಕೊನೆಯಲ್ಲಿ ಇರಲಿ. ಹಕ್ಕಿಗಳು ಮೇಯುವ ಕೆಸರು ಬಯಲು, ಗಾಳ ಹಾಕುತ್ತಿರುವವರ ದಡ ಇವುಗಳಿಂದ ದೂರ ಸರಿದು ಹೋಗಿ. ಈ ಯಂತ್ರದ ಸದ್ದು ದೊಡ್ಡದು.

ಹಂತ 8: ದಾರಿಯಲ್ಲಿ ಕೆಟ್ಟು ನಿಂತರೆ

ಬ್ರಿಟನ್ನಿನ ಸೆವರ್ನ್ ನದಿಯ ಅಳಿವೆಯಲ್ಲಿ ದೊಡ್ಡ ಉಬ್ಬರದ ದಿನ ನೀರಿನ ಏರಿಳಿತ 14 ಮೀಟರ್ ಮುಟ್ಟುತ್ತದೆ. ಅಲ್ಲಿನ ಕೆಸರಿನ ಮೇಲೆ ಕ್ರಾಫ್ಟ್ ಸಲೀಸಾಗಿ ತೇಲುತ್ತದೆ, ಮನುಷ್ಯನ ಕಾಲು ತೇಲುವುದಿಲ್ಲ. ಕೆಸರಿನಲ್ಲಿ ನಿಂತರೆ ಇಳಿಯಬೇಡಿ. ರೇಡಿಯೋದಲ್ಲಿ ಹೇಳಿ, ಕ್ರಾಫ್ಟಿನ ಮೇಲೆಯೇ ಕುಳಿತಿರಿ, ಸಂಗಾತಿಗಳು ಪಕ್ಕಕ್ಕೆ ಬರಲಿ. ನೀರು ಮರಳುವ ಹೊತ್ತನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ದುರಸ್ತಿಗೆ ಎಷ್ಟು ಸಮಯ ಇದೆ ಎಂಬುದು ಗೊತ್ತಿರುತ್ತದೆ. ಆ ಸಮಯದೊಳಗೆ ಮುಗಿಯದ ಕೆಲಸ ಎನಿಸಿದರೆ ಸ್ಪ್ಯಾನರ್ ಎತ್ತುವುದೇ ಬೇಡ, ಎಳೆದೊಯ್ಯುವ ತಯಾರಿ ಮಾಡಿ. ಜೀವಕ್ಕೆ ಅಪಾಯ ಇದೆ ಎನಿಸಿದ ಕ್ಷಣವೇ ಕರಾವಳಿ ಕಾವಲು ಪಡೆಯನ್ನು ಕರೆಯಿರಿ.

ಎಳೆಯುವ ಹಗ್ಗವನ್ನು ಕೆಟ್ಟ ಕ್ರಾಫ್ಟಿನ ಮುಂಭಾಗದ ಎರಡು ಬಿಂದುಗಳಿಗೂ, ಎಳೆಯುವುದರ ಹಿಂದಿನ ಎರಡು ಮೂಲೆಗಳಿಗೂ ಕವಲಾಗಿ ಕಟ್ಟಿ. ನಡುವಿನಿಂದ ಎಳೆದರೆ ಹಗ್ಗ ಫ್ಯಾನಿನ ಬಾಯಿಗೆ ಬರುತ್ತದೆ. ಕೆಟ್ಟದ್ದರ ಎಂಜಿನ್ ಅಷ್ಟಿಷ್ಟು ಓಡುವಂತಿದ್ದರೆ ಮೇಲೆತ್ತುವಷ್ಟು ಗಾಳಿ ಕೊಡುತ್ತಿರಲಿ, ಎಳೆತ ಬಹಳ ಹಗುರವಾಗುತ್ತದೆ. ಪೂರ್ತಿ ನಿಂತಿದ್ದರೆ ನಿಧಾನವಾಗಿ, ಹಂಪಿನ ವೇಗಕ್ಕಿಂತ ಕೆಳಗೇ ಎಳೆಯಿರಿ.

ಸ್ಕರ್ಟ್ ಹರಿದು ನಿಂತಿದ್ದರೆ ಒದ್ದೆ ಬಟ್ಟೆಗೆ ಅಂಟುಪಟ್ಟಿ ಹಿಡಿಯುವುದಿಲ್ಲ. ಹರಿದ ಜಾಗದ ಎರಡೂ ಬದಿಗೆ ತೂತು ಮಾಡಿ ಕೇಬಲ್ ಟೈಯಿಂದ ಹೊಲಿಯಿರಿ, ಅಥವಾ ಬಟ್ಟೆಯ ತುಂಡಿಟ್ಟು ಅಗಲ ವಾಷರಿನೊಂದಿಗೆ ರಿವೆಟ್ ಹೊಡೆಯಿರಿ. ಮತ್ತೆ ಹೊರಡುವಾಗ ಆಳವಿಲ್ಲದ ನೀರಿನಲ್ಲಿ ಹಂಪ್ ದಾಟುವುದು ಇನ್ನೂ ಕಷ್ಟ. ಸಾಧ್ಯವಾದರೆ ಮರಳಿನ ಮೇಲೆಯೇ ವೇಗ ಹಿಡಿದು ನೀರಿಗಿಳಿಯಿರಿ.

ಹಂತ 9: ಮರಳಿದ ಮೇಲೆ

ಉಪ್ಪು ಒಣಗುವ ಮೊದಲೇ ಸಿಹಿನೀರಿನಿಂದ ಎಲ್ಲವನ್ನೂ ತೊಳೆಯಿರಿ, ಆದರೆ ಬೇರಿಂಗ್ ಮತ್ತು ವಿದ್ಯುತ್ ಜೋಡಣೆಗಳ ಮೇಲೆ ಒತ್ತಡದ ನೀರು ಹಾಯಿಸಬೇಡಿ. ಸ್ಕರ್ಟಿನ ಒಳಗೆ ಉಳಿದ ಮರಳು ಮುಂದಿನ ಯಾನದಲ್ಲಿ ಬಟ್ಟೆಯನ್ನು ಒಳಗಿನಿಂದ ಉಜ್ಜುತ್ತದೆ, ಅದನ್ನೂ ತೊಳೆಯಿರಿ. ತೊಳೆದ ಮೇಲೆ ಎಂಜಿನನ್ನು ಕೆಲವು ನಿಮಿಷ ಓಡಿಸಿ ನೀರು ಹಾರಿಹೋಗಲು ಬಿಡಿ, ಬೇರಿಂಗಿಗೆ ಒಂದು ಒತ್ತು ಹೊಸ ಗ್ರೀಸ್ ಕೊಡಿ, ಕೇಬಲ್‌ಗಳಿಗೆ ಎಣ್ಣೆ ಹಾಕಿ. ಡ್ರೈನ್ ಬಿರಡೆ ತೆಗೆದು, ಕಳೆಯದಂತೆ ಚುಕ್ಕಾಣಿಗೆ ಕಟ್ಟಿಡಿ. ಎಂಜಿನ್ ಓಡಿದ ಗಂಟೆ, ಬದಲಿಸಿದ ಸೆಗ್ಮೆಂಟಿನ ಜಾಗ, ಕೇಳಿಬಂದ ಹೊಸ ಸದ್ದು ಎಲ್ಲವನ್ನೂ ಅದೇ ಸಂಜೆ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಸಾಲ ತಂದ ಬಿಡಿಭಾಗವನ್ನು ಮುಂದಿನ ಯಾನಕ್ಕೆ ಮೊದಲೇ ಕೊಂಡು ಸಂಗಾತಿಯ ಪೆಟ್ಟಿಗೆಗೆ ಹಿಂದಿರುಗಿಸಿ.